ಅಂಗಳದಲ್ಲಿ ಗುಲಾಬಿ ಫ್ಲೆಮಿಂಗೊ ಹಿಂಡು ಇಳಿಸಿ ಕನ್ನಡ ಶಾಲೆಗೆ ಹಣ ಎತ್ತುವುದು: ಹೇಗೆ, ಎಷ್ಟು, ಎಲ್ಲಿ ಎಡವಟ್ಟಾಗುತ್ತೆ?

ಒಗ್ಗರಣೆ (ಓಹಾಯೊ)

ಸಣ್ಣ ಕನ್ನಡ ಕೂಟ, ಸುಮಾರು 70 ಕುಟುಂಬ. ಭಾನುವಾರದ ಕನ್ನಡ ಶಾಲೆಯ ಪುಸ್ತಕ ಮತ್ತು ಕೋಣೆ ಬಾಡಿಗೆಗೆ 600 ಡಾಲರ್ ಬೇಕು. ಸಮೋಸ ಸ್ಟಾಲು, ರಾಫೆಲ್ (ಲಾಟರಿ ಚೀಟಿ) ಎರಡೂ ಸವಕಲಾಗಿವೆ. ಇಲ್ಲಿನ ಚರ್ಚು, ಹೈಸ್ಕೂಲ್ ಬ್ಯಾಂಡಿನವರು ಮಾಡುವ ಹಾಗೆ ‘ಫ್ಲಾಕಿಂಗ್’ ಮಾಡೋಣ ಅನ್ನುವ ಮಾತು ಬಂದಿದೆ: ದುಡ್ಡು ಕೊಟ್ಟವರ ಹೆಸರಲ್ಲಿ ಅವರ ಸ್ನೇಹಿತರ ಮನೆ ಮುಂದಿನ ಹುಲ್ಲಿನಲ್ಲಿ ರಾತ್ರೋರಾತ್ರಿ ಪ್ಲಾಸ್ಟಿಕ್ ಫ್ಲೆಮಿಂಗೊಗಳ ಹಿಂಡು ನಿಲ್ಲಿಸಿ, ಒಂದೆರಡು ದಿನದ ಮೇಲೆ ಎತ್ತಿ ಮುಂದಿನ ಮನೆಗೆ ಸಾಗಿಸುವುದು. ಎಷ್ಟು ಹಕ್ಕಿ ಬೇಕು? ದರ ಎಷ್ಟು ಇಡಬೇಕು? ಕಾನೂನಿನ ತೊಡಕು ಏನಾದರೂ ಇದೆಯಾ? ಮಾಡಿಸಿದ ಅನುಭವ ಇರುವವರು ಲೆಕ್ಕ ಸಮೇತ ಹೇಳಿ.

ಲೆಕ್ಕದ ಪುಸ್ತಕ (ನ್ಯೂಜೆರ್ಸಿ)

ಮೊದಲು ಒಂದು ಭ್ರಮೆ ಬಿಡಿ: ಹಕ್ಕಿ ಜಾಸ್ತಿ ಇದ್ದರೆ ಹಣ ಜಾಸ್ತಿ ಬರಲ್ಲ. ಒಂದು ವಾರಾಂತ್ಯದಲ್ಲಿ ಎಷ್ಟು ಅಂಗಳ ಮುಟ್ಟುತ್ತೀರಿ ಅನ್ನುವುದರ ಮೇಲೆ ವಸೂಲಿ ನಿಂತಿದೆ.

40 ಹಕ್ಕಿ ತಗೊಂಡಿರಿ ಅಂತಿಟ್ಟುಕೊಳ್ಳಿ, ಒಂದಕ್ಕೆ 7 ಡಾಲರ್ ಲೆಕ್ಕದಲ್ಲಿ 280. ಬೋರ್ಡು ಎರಡಕ್ಕೆ 40, ಚೀಲ, ಟೇಪು, ಕೈಗವಸು, ರಾಡ್ ಎಲ್ಲಾ ಸೇರಿ ಇನ್ನೊಂದು 40. ಬಂಡವಾಳ 360. ನಾಲ್ಕು ವಾರ, ವಾರಕ್ಕೆ ಮೂರು ರಾತ್ರಿ ಅಂದರೆ 12 ರಾತ್ರಿ.

ನಲವತ್ತನ್ನೂ ಒಂದೇ ಹಿಂಡು ಮಾಡಿ ಮನೆಗೆ 50 ಡಾಲರ್ ಇಟ್ಟರೆ 12 ಮನೆ, 600 ಡಾಲರ್. ಬಂಡವಾಳ ಕಳೆದರೆ ಉಳಿಯೋದು 240. ಅದೇ 40 ಹಕ್ಕಿಯನ್ನು ಇಪ್ಪತ್ತರ ಎರಡು ಹಿಂಡು ಮಾಡಿ 40 ಡಾಲರಿಗೆ ಕೊಟ್ಟರೆ 24 ಮನೆ, 960 ಡಾಲರ್, ಉಳಿಯೋದು 600. ಮುಂದಿನ ವರ್ಷ ಹಕ್ಕಿ ಖರ್ಚು ಇಲ್ಲ, ಮುರಿದ ನಾಲ್ಕೈದಕ್ಕೆ ಮಾತ್ರ.

ಮಾಮೂಲಿ ಅಗಲದ ಅಂಗಳದಲ್ಲಿ 20 ಹಕ್ಕಿ ಬೇಕಾದಷ್ಟಾಯಿತು. ಬಾಗಿಲು ತೆರೆದವರ ಕಣ್ಣಿಗೆ ಅದೇ ಜಾತ್ರೆ. ಐವತ್ತು, ನೂರು ಅನ್ನುವ ಪ್ಯಾಕೇಜು ಕಾಗದದ ಮೇಲೆ ಚೆಂದ. ನಿಲ್ಲಿಸುವವರ ಸೊಂಟ ಬೇರೆಯೇ ಲೆಕ್ಕ ಹೇಳುತ್ತೆ. ಆದರೆ ಹುಟ್ಟುಹಬ್ಬ, ಗ್ರಾಜುಯೇಷನ್‌ಗೆ ಅಂತ ಎರಡೂ ಹಿಂಡು ಕೂಡಿಸಿ 40 ಹಕ್ಕಿಗೆ 75 ಡಾಲರ್ ಅಂತ ಒಂದು ಆಯ್ಕೆ ಇಟ್ಟುಕೊಳ್ಳಿ. ಒಂದು ರಾತ್ರಿಗೆ ಎರಡು ಮನೆ ಬಿಟ್ಟುಕೊಡುತ್ತಿದ್ದೀರಿ ಅನ್ನೋದು ನೆನಪಿರಲಿ: 80ರ ಜಾಗದಲ್ಲಿ 75. ಹಾಗಾಗಿ ಬುಕಿಂಗ್ ತುಂಬದ ದಿನ ಮಾತ್ರ ಕೊಡಿ.

ಗುದ್ದಲಿ (ಮಿಷಿಗನ್)

ಹಕ್ಕಿ ಕೊಳ್ಳುವಾಗ ನೋಡಬೇಕಾದ್ದು ಬಣ್ಣ ಅಲ್ಲ, ಕಾಲು. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವುದರ ಕಾಲು ಎರಡು ತುಂಡಾಗಿ ಬರುತ್ತೆ, ಒಂದರೊಳಗೊಂದು ತೂರಿಸಬೇಕು. ನೆಲಕ್ಕೆ ಒತ್ತುವಾಗ ಸರಿ ಇರುತ್ತೆ. ಕೀಳುವಾಗ ಮೇಲಿನ ತುಂಡು ಕೈಗೆ ಬಂದು ಕೆಳಗಿನದು ಮಣ್ಣಲ್ಲೇ ಉಳಿಯುತ್ತೆ. ಅದು ಎಂಥ ಅಪಾಯ ಅಂತ ಕೆಳಗೆ ಹೇಳ್ತೀನಿ. ಒಂದೇ ಉದ್ದದ ಉಕ್ಕಿನ ಸರಳು ಇರೋದನ್ನೇ ಆರಿಸಿ.

ನಿಲ್ಲಿಸುವ ಕ್ರಮ: ಹಕ್ಕಿಯ ಮೈ ಹಿಡಿದು ನೆಲಕ್ಕೆ ಒತ್ತಲೇಬಾರದು. ಹೊಟ್ಟೆ ಟೊಳ್ಳು, ತೆಳು ಪ್ಲಾಸ್ಟಿಕ್, ಕಾಲಿನ ತೂತು ಹರಿದು ಅಗಲವಾಗುತ್ತೆ. ಮೊದಲು ಎರಡು ಸರಳನ್ನೂ ಹಕ್ಕಿಯ ತೂತುಗಳ ಅಂತರಕ್ಕೆ ಸರಿಯಾಗಿ ನೆಲಕ್ಕೆ ಇಳಿಸಿ, ಮೂರನೇ ಒಂದು ಭಾಗ ಮಣ್ಣಿನೊಳಗೆ ಹೋಗಲಿ, ಆಮೇಲೆ ಮೇಲಿಂದ ಹಕ್ಕಿ ಕೂರಿಸಿ. ಅಂತರ ಪ್ರತಿ ಸಲ ಅಳೆಯುತ್ತಾ ಕೂರಬೇಡಿ. ಒಂದು ಅಡಿ ಮರದ ಪಟ್ಟಿಯಲ್ಲಿ ಅದೇ ಅಂತರಕ್ಕೆ ಎರಡು ತೂತು ಕೊರೆದುಕೊಂಡರೆ ಅದೇ ಅಚ್ಚು. ಪಟ್ಟಿ ನೆಲದ ಮೇಲಿಡಿ, ಎರಡು ಸರಳು ತೂರಿಸಿ, ಪಟ್ಟಿ ಮೇಲಕ್ಕೆ ಎಳೆದುಕೊಳ್ಳಿ.

ನೆಲ ಗಟ್ಟಿ ಇದ್ದರೆ ಸರಳಿಗೆ ಸುತ್ತಿಗೆ ಹಾಕಬೇಡಿ, ಬಾಗುತ್ತೆ. ಉದ್ದ ಸ್ಕ್ರೂಡ್ರೈವರ್ ಅಥವಾ ಮುಕ್ಕಾಲಡಿ ರೀಬಾರ್ (ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಸರಳು) ತುಂಡಿನಿಂದ ಮೊದಲು ತೂತು ಮಾಡಿಕೊಳ್ಳಿ.

ತೂತು ಸಡಿಲವಾದ ಹಕ್ಕಿಗೆ ಸೂಪರ್‌ಗ್ಲೂ ಹಾಕಿ ಪ್ರಯೋಜನ ಇಲ್ಲ. ಇದು ಪಾಲಿಎಥಿಲೀನ್, ಅಂಟು ಹಿಡಿಯಲ್ಲ, ಒಣಗಿದ ಮೇಲೆ ಪದರವಾಗಿ ಎದ್ದು ಬರುತ್ತೆ. ಸರಳಿನ ತುದಿಗೆ ನಾಲ್ಕೈದು ಸುತ್ತು ಎಲೆಕ್ಟ್ರಿಕಲ್ ಟೇಪ್ ಸುತ್ತಿ ಬಿಗಿಯಾಗಿ ತೂರಿಸಿ, ಅಷ್ಟೇ. ಬಿಸಿಲಿಗೆ ಮಾಸಿದ ಹಕ್ಕಿಗೆ ಮಾಮೂಲಿ ಪೇಂಟ್ ಹೊಡೆದರೂ ಇದೇ ಕಥೆ. ಪ್ಲಾಸ್ಟಿಕ್‌ಗೆಂದೇ ಬರುವ ಸ್ಪ್ರೇ ಮಾತ್ರ ಸ್ವಲ್ಪ ಕಾಲ ನಿಲ್ಲುತ್ತೆ.

ಚಿತ್ರಾನ್ನ (ಕ್ಯಾಲಿಫೋರ್ನಿಯಾ)

ಕೆಲವರು ಮಾಡೋ ಹಾಗೆ ಬೇಡ ಅನ್ನೋರ ಅಂಗಳಕ್ಕೆ ಹಕ್ಕಿ ಹಾಕಿ, ಎತ್ತಬೇಕಾದರೆ ದುಡ್ಡು ಕೊಡಿ ಅನ್ನೋದು, ಬರದಿರಲಿ ಅಂದ್ರೆ ‘ಇನ್ಷೂರೆನ್ಸ್’ ತಗೊಳ್ಳಿ ಅನ್ನೋದು... ಇದಕ್ಕೆ ನಮ್ಮ ಕಡೆ ಹಫ್ತಾ ಅಂತಾರೆ ಸ್ವಾಮಿ.

ಲೆಕ್ಕದ ಪುಸ್ತಕ (ನ್ಯೂಜೆರ್ಸಿ)

@ಚಿತ್ರಾನ್ನ, ಸರಿಯಾಗೇ ಹಿಡಿದಿರಿ. ಆ ಮಾದರಿ ಇದೆ: ಹಕ್ಕಿ ಬಂದವರು ಎತ್ತಿಸಲು ಇಷ್ಟು, ಯಾರು ಕಳಿಸಿದ್ದು ಅಂತ ತಿಳಿಯಲು ಇಷ್ಟು, ಮುಂದಿನವರ ಮನೆಗೆ ಅಟ್ಟಲು ಇಷ್ಟು ಅಂತ ಮೂರು ದರ. ಪರಸ್ಪರ ಚೆನ್ನಾಗಿ ಗೊತ್ತಿರುವ ಚರ್ಚಿನ ಯುವಕರ ಗುಂಪಿನಲ್ಲಿ ನಡೆಯುತ್ತೆ. ಕೂಟದಲ್ಲಿ ಹೊಸದಾಗಿ ಸೇರಿದ ಕುಟುಂಬ ಇರುತ್ತೆ, ಕೆಲಸ ಕಳೆದುಕೊಂಡವರು ಇರುತ್ತಾರೆ. ಅವರ ಬಾಗಿಲಿಗೆ ಬಿಲ್ಲು ಅಂಟಿಸಿದರೆ ಬೈಗುಳ ಖಾತ್ರಿ.

ನಾನು ಹೇಳುವ ಮಾದರಿಯಲ್ಲಿ ಹಣ ಕೊಡುವವರು ಕಳಿಸುವವರು ಮಾತ್ರ, ಅದೂ ಮುಂಗಡ. ಹಕ್ಕಿ ಬಂದ ಮನೆಯವರು ಒಂದು ಕಾಸೂ ಕೊಡಬೇಕಿಲ್ಲ. 24ರಿಂದ 48 ಗಂಟೆಯೊಳಗೆ ನಾವೇ ಎತ್ತುತ್ತೇವೆ ಅಂತ ಚೀಟಿಯ ಮೊದಲ ಸಾಲಲ್ಲೇ ಬರೆಯಬೇಕು. ಅದರ ಕೆಳಗೆ ‘ನೀವೂ ಯಾರಿಗಾದರೂ ಕಳಿಸಬೇಕಾ?’ ಅಂತ ಒಂದು ಕ್ಯೂಆರ್ ಕೋಡ್ ಸಾಕು. ನಕ್ಕವರು ತಾವಾಗೇ ಮುಂದಿನ ಆರ್ಡರ್ ಕೊಡ್ತಾರೆ, ಸರಪಳಿ ಬೆಳೆಯೋದೇ ಹಾಗೆ. ನಮ್ಮ ಮನೆಗೆ ಬೇಡ ಅಂದವರನ್ನು ಪುಕ್ಕಟೆಯಾಗಿ ಪಟ್ಟಿಯಿಂದ ತೆಗೆಯಿರಿ. ಇನ್ಷೂರೆನ್ಸ್ ಅಂತ 10 ಡಾಲರ್ ಇಡಲೇಬೇಕು ಅಂದರೆ ತಮಾಷೆಗೆ ಕೊಡುವವರಿಗೆ ಇಡಿ, ಬೇಡ ಅನ್ನುವ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಬೇಡಿ.

ಸರೋವರದ ದಂಡೆ (ವಿಸ್ಕಾನ್ಸಿನ್)

ಈ ಹಕ್ಕಿಯ ಪೂರ್ವಾಪರ ಗೊತ್ತಿದ್ದರೆ ಚೀಟಿ ಬರೆಯೋಕೂ ಅನುಕೂಲ. ಮ್ಯಾಸಚೂಸೆಟ್ಸಿನ ಲೆಮಿನ್‌ಸ್ಟರ್ ಊರಿನ ಯೂನಿಯನ್ ಪ್ರಾಡಕ್ಟ್ಸ್ ಕಂಪನಿಗೆ ಡಾನ್ ಫೆದರ್‌ಸ್ಟೋನ್ ಅನ್ನುವ ಕಲಾವಿದ 1957ರಲ್ಲಿ ಇದನ್ನು ರೂಪಿಸಿದರು. ಜೀವಂತ ಫ್ಲೆಮಿಂಗೊ ಕೈಗೆ ಸಿಗದೆ ನ್ಯಾಷನಲ್ ಜಿಯಾಗ್ರಫಿಕ್‌ನ ಚಿತ್ರಗಳನ್ನು ನೋಡಿ ಅಚ್ಚು ಮಾಡಿದ್ದು. ಆಗ ಸಿಯರ್ಸ್ ಅಂಗಡಿಯ ಕ್ಯಾಟಲಾಗಿನಲ್ಲಿ ಜೋಡಿಗೆ 2.76 ಡಾಲರ್. ಜೋಡಿ ಯಾಕೆಂದರೆ ಒಂದು ತಲೆ ಎತ್ತಿ ನಿಂತದ್ದು, ಇನ್ನೊಂದು ಕತ್ತು ಬಗ್ಗಿಸಿ ಮೇಯುವುದು. 1996ರಲ್ಲಿ ಅವರಿಗೆ ಕಲೆಯ ವಿಭಾಗದಲ್ಲಿ ಇಗ್ ನೊಬೆಲ್ (ನೊಬೆಲ್ ಪ್ರಶಸ್ತಿಯ ತಮಾಷೆಯ ಅಣಕು) ಕೂಡ ಬಂತು. 2015ರಲ್ಲಿ ತೀರಿಕೊಂಡರು. ಹಳೆಯ ಕಾರ್ಖಾನೆ 2006ರಲ್ಲಿ ಮುಚ್ಚಿತು, ಅಚ್ಚು ಕೈ ಬದಲಾಯಿಸಿ ಈಗಲೂ ಹಕ್ಕಿ ಬರುತ್ತಿದೆ. ಗರಾಜ್ ಸೇಲಿನಲ್ಲಿ ಹಳೇ ಹಕ್ಕಿ ಸಿಕ್ಕರೆ ಬಾಲದ ಕೆಳಗೆ ನೋಡಿ: 1987ರಿಂದ ಫೆದರ್‌ಸ್ಟೋನ್ ಸಹಿ ಅಚ್ಚಿನಲ್ಲೇ ಬರುತ್ತಿತ್ತು. ಅಂಥದ್ದು ಸಿಕ್ಕರೆ ಹಿಂಡಿಗೆ ಸೇರಿಸಬೇಡಿ, ಎತ್ತಿಟ್ಟು ಹರಾಜು ಹಾಕಿ.

ತಮಾಷೆಯ ಲೆಕ್ಕಕ್ಕೆ ನಮ್ಮ ಮ್ಯಾಡಿಸನ್ನೇ ತವರು. 1979ರ ಸೆಪ್ಟೆಂಬರಿನಲ್ಲಿ, ತರಗತಿ ಶುರುವಾಗುವ ಬೆಳಿಗ್ಗೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ಯಾಸ್ಕಮ್ ಗುಡ್ಡದ ತುಂಬಾ 1,008 ಪ್ಲಾಸ್ಟಿಕ್ ಫ್ಲೆಮಿಂಗೊ ನಿಂತಿದ್ದವು. ಪೇಲ್ ಆಂಡ್ ಶವೆಲ್ ಪಾರ್ಟಿ ಅನ್ನುವ ವಿದ್ಯಾರ್ಥಿ ಪಕ್ಷದ ಕೆಲಸ. ಮೂವತ್ತು ವರ್ಷದ ಮೇಲೆ, 2009ರಲ್ಲಿ, ನಗರಸಭೆ ಪ್ಲಾಸ್ಟಿಕ್ ಫ್ಲೆಮಿಂಗೊವನ್ನೇ ಮ್ಯಾಡಿಸನ್‌ನ ಅಧಿಕೃತ ಹಕ್ಕಿ ಅಂತ ಘೋಷಿಸಿತು. ಈಗ ವಿಶ್ವವಿದ್ಯಾಲಯವೇ ಅದೇ ಗುಡ್ಡದಲ್ಲಿ ದೇಣಿಗೆಗೆ ಪ್ರತಿಯಾಗಿ ಹಕ್ಕಿ ನೆಟ್ಟು ಹಣ ಎತ್ತುತ್ತದೆ. ಊರಿನ ಫುಟ್‌ಬಾಲ್ ತಂಡದ ಲಾಂಛನದಲ್ಲೂ ಅದೇ ಹಕ್ಕಿ.

ಗುಡ್ಡ ತುಂಬಿಸುವ ಮಾದರಿ ನಿಮಗೂ ಆಗಬಹುದು, @ಒಗ್ಗರಣೆ. ಮನೆಮನೆ ಅಲೆಯುವ ಬದಲು ಯುಗಾದಿ ಅಥವಾ ರಾಜ್ಯೋತ್ಸವದ ಸಭಾಂಗಣದ ಮುಂದಿನ ಹುಲ್ಲಲ್ಲಿ 10 ಡಾಲರಿಗೊಂದು ಹಕ್ಕಿ, ಕೊರಳಿಗೆ ದಾನಿಯ ಹೆಸರಿನ ಚೀಟಿ. ಜಾಗದ ಮಾಲೀಕರ ಒಂದೇ ಅನುಮತಿ ಸಾಕು, ರಾತ್ರಿ ಓಡಾಟ ಇಲ್ಲ. ರಾಜ್ಯೋತ್ಸವ ನವೆಂಬರ್, ನಮ್ಮ ಕಡೆ ತಿಂಗಳ ಕೊನೆಗೆ ನೆಲ ಹೆಪ್ಪುಗಟ್ಟೋಕೆ ಶುರು. ಯುಗಾದಿಯೇ ವಾಸಿ.

ಒಗ್ಗರಣೆ (ಓಹಾಯೊ)

ಸಭಾಂಗಣದ ಉಪಾಯ ಹಿಡಿಸಿತು. ಆದರೆ ಸಮಿತಿಯವರಿಗೆ ಮನೆ ಮುಂದಿನ ತಮಾಷೆಯೇ ಬೇಕಂತೆ. ರಾತ್ರಿ ಹೊತ್ತು ಬೇರೆಯವರ ಅಂಗಳಕ್ಕೆ ಕಾಲಿಡೋದು ಈ ದೇಶದಲ್ಲಿ ಎಷ್ಟು ಸುರಕ್ಷಿತ?

ಬೇಲಿಮೂಲೆ (ಟೆಕ್ಸಾಸ್)

ಸುರಕ್ಷಿತ ಅಲ್ಲ, ಹಾಗಾಗಿ ರಾತ್ರಿ ಮಾಡಬೇಡಿ. ಹನ್ನೆರಡು ಗಂಟೆಗೆ ಕಪ್ಪು ಹೂಡಿ ಹಾಕಿಕೊಂಡು ಕಬ್ಬಿಣದ ಸರಳು ಹಿಡಿದು ಯಾರದೋ ಕಿಟಕಿ ಮುಂದೆ ಬಗ್ಗಿರುವ ನಾಲ್ಕು ಜನ: ಡೋರ್‌ಬೆಲ್ ಕ್ಯಾಮರಾದಲ್ಲಿ ಅದು ತಮಾಷೆಯಾಗಿ ಕಾಣಲ್ಲ. ಮನೆಯಲ್ಲಿ ಬಂದೂಕು ಇಟ್ಟುಕೊಂಡವರು ಬೀದಿಗೊಬ್ಬರು ಇರುತ್ತಾರೆ. ನಮ್ಮ ಮೈಬಣ್ಣಕ್ಕೆ ಅಪಾಯ ಇನ್ನೊಂದು ಗೆರೆ ಜಾಸ್ತಿ ಅನ್ನೋದನ್ನು ಮುಚ್ಚಿಟ್ಟು ಮಾತಾಡೋದರಲ್ಲಿ ಅರ್ಥ ಇಲ್ಲ.

ನಡೆಯುವ ವಿಧಾನ ಇದು. ಆ ಮನೆಯ ಒಬ್ಬ ದೊಡ್ಡವರಿಗೆ ಮೊದಲೇ ಗೊತ್ತಿರಬೇಕು. ಗಂಡನಿಗೆ ಅಚ್ಚರಿ ಅಂದರೆ ಹೆಂಡತಿಯ ಒಪ್ಪಿಗೆ, ಅಪ್ಪ ಅಮ್ಮನಿಗೆ ಅಂದರೆ ದೊಡ್ಡ ಮಗಳ ಒಪ್ಪಿಗೆ, ಫೋನ್ ಮಾತಲ್ಲ, ಮೆಸೇಜಲ್ಲಿ ಬರಹದಲ್ಲಿ. ಬಾಡಿಗೆ ಮನೆಯಾದರೆ ಅಂಗಳ ಯಾರ ಸುಪರ್ದಿ ಅಂತಲೂ ಕೇಳಿ. ಮನೆಯವರು ಊಟಕ್ಕೆ ಹೊರಗೆ ಹೋದ ಸಂಜೆಯ ಹೊತ್ತು ಅತ್ಯುತ್ತಮ. ಬೆಳಕಿರುತ್ತೆ, ಅಕ್ಕಪಕ್ಕದವರು ಬಂದು ಏನಿದು ಅಂತ ನಗುತ್ತಾ ಕೇಳುತ್ತಾರೆ, ಅವರೇ ಮುಂದಿನ ಗಿರಾಕಿ.

ಎಲ್ಲರಿಗೂ ಕೂಟದ ಹೆಸರಿರುವ ಟೀ ಶರ್ಟ್, ಒಬ್ಬರಿಗಾದರೂ ಮಿಂಚುವ ವೆಸ್ಟು. ಕಾರು ಮನೆ ಎದುರೇ, ದೀಪ ಹಾಕಿಯೇ ನಿಲ್ಲಿಸಿ. ದಿನಾಂಕ, ಬೀದಿ, ಕಾರಿನ ವಿವರ ಬರೆದು ಪೊಲೀಸರ ತುರ್ತು ಅಲ್ಲದ ನಂಬರಿಗೆ ಆ ದಿನವೇ ತಿಳಿಸಿ, 911ಕ್ಕೆ ಅಲ್ಲ. ಹದಿಹರೆಯದ ಮಕ್ಕಳನ್ನು ಮಾತ್ರ ಕಳಿಸುವುದು ಖಂಡಿತ ಬೇಡ.

ಬಿಡಬೇಕಾದ ಮನೆಗಳೂ ಇವೆ: ಸಾವಾದ ಮನೆ, ಕಾಯಿಲೆಯವರಿರುವ ಮನೆ, ಒಂಟಿ ವೃದ್ಧರು, ಮಾರಾಟದ ಬೋರ್ಡ್ ಹಾಕಿದ ಮನೆ, ಹೊಸದಾಗಿ ಹುಲ್ಲುಬೀಜ ಹಾಕಿದ ಅಂಗಳ, ಔಷಧಿ ಹೊಡೆದಿದೆ ಅನ್ನುವ ಎಚ್ಚರಿಕೆಯ ಬಾವುಟ ಇನ್ನೂ ನೆಟ್ಟಿರುವ ಅಂಗಳ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ದರೆ ಅಲಂಕಾರದ ನಿಯಮ ಓದಿ. 48 ಗಂಟೆಯ ತಾತ್ಕಾಲಿಕ ಪ್ರದರ್ಶನ ಅಂತ ಮ್ಯಾನೇಜರಿಗೆ ಒಂದು ಇಮೇಲ್ ಹಾಕಿದರೆ ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳಲ್ಲ. ಹಾಕದೆ ಇದ್ದರೆ ದಂಡದ ಪತ್ರ ಬರುವುದು ಮನೆಯವರ ಹೆಸರಿಗೆ, ನಿಮ್ಮ ಹೆಸರಿಗಲ್ಲ. ಫುಟ್‌ಪಾತಿಗೂ ರಸ್ತೆಗೂ ನಡುವಿನ ಹುಲ್ಲುಪಟ್ಟಿ ಸಾಮಾನ್ಯವಾಗಿ ಊರಿನ ಆಡಳಿತದ ಅಧಿಕಾರದ ಜಾಗ, ಅಲ್ಲಿ ನೆಡಬೇಡಿ.

ಅಂಚೆಯಣ್ಣ (ವರ್ಜೀನಿಯಾ)

ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ: ಚೀಟಿಯನ್ನು ಅಂಚೆ ಡಬ್ಬಿಗೆ ಹಾಕಬೇಡಿ. ಸ್ಟಾಂಪ್ ಇಲ್ಲದ ಕಾಗದವನ್ನು ಮೇಲ್‌ಬಾಕ್ಸಿಗೆ ಹಾಕುವುದು ಫೆಡರಲ್ ಕಾನೂನಿನ 18ನೇ ಶೀರ್ಷಿಕೆ, 1725ನೇ ಕಲಮಿನ ಪ್ರಕಾರ ತಪ್ಪು, ದಂಡ ಇದೆ. ಡಬ್ಬಿಯ ಕಂಬಕ್ಕೆ ಹಕ್ಕಿ ಕಟ್ಟುವುದೂ ಬೇಡ, ಅಂಚೆಯವರ ಗಾಡಿ ಬರುವ ದಾರಿಗೆ ಅಡ್ಡ ನಿಲ್ಲಿಸುವುದೂ ಬೇಡ. ಬಾಗಿಲ ಹಿಡಿಗೆ ತೂಗುವ ಕಾರ್ಡು ಮಾಡಿಸಿ, ಇಲ್ಲವೇ ಪಾರದರ್ಶಕ ಚೀಲದಲ್ಲಿ ಹಾಕಿ ಮುಂದಿನ ಸಾಲಿನ ಹಕ್ಕಿಯ ಕತ್ತಿಗೆ ಕಟ್ಟಿ. ಬರೀ ಕಾಗದ ಇಬ್ಬನಿಗೇ ಮುದ್ದೆಯಾಗುತ್ತೆ. ಇಂಕ್‌ಜೆಟ್ ಪ್ರಿಂಟ್ ಅಂತೂ ಬೆಳಿಗ್ಗೆಗೆ ನೀಲಿ ಕಲೆ, ಕ್ಯೂಆರ್ ಕೋಡ್ ಓದಲ್ಲ. ಲೇಸರ್ ಪ್ರಿಂಟ್ ತೆಗೆಸಿ.

ಹನಿ ನೀರಾವರಿ (ಅರಿಜೋನಾ)

ನೆಲದೊಳಗಿನ ಸಂಗತಿಗೆ ಬರೋಣ. ಆರರಿಂದ ಎಂಟು ಇಂಚು ಸರಳು ಇಳಿಸುತ್ತೀರಿ. ನಾಯಿಗಳಿಗೆ ಹಾಕುವ ಕಾಣದ ಬೇಲಿಯ ತಂತಿ ಇರುವುದು ಒಂದರಿಂದ ಮೂರು ಇಂಚು ಆಳದಲ್ಲಿ. ಹನಿ ನೀರಾವರಿ ಕೊಳವೆ ಇನ್ನೂ ಮೇಲೆ, ಎಷ್ಟೋ ಕಡೆ ಬರೀ ಮರದ ಚೂರಿನ ಅಡಿ. ಕೇಬಲ್ ಕಂಪನಿಯವರು ಮನೆಗೆಳೆದ ತಂತಿಯೂ ಕೆಲವೊಮ್ಮೆ ಕೆಲವೇ ಇಂಚು. ಸ್ಪ್ರಿಂಕ್ಲರ್‌ನ ಪಿವಿಸಿ ಸುಮಾರು ಆರರಿಂದ ಹನ್ನೆರಡು ಇಂಚು. 811ಕ್ಕೆ ಕರೆ ಮಾಡಿದರೆ ಗ್ಯಾಸ್, ಕರೆಂಟ್ ಇತ್ಯಾದಿ ಸಾರ್ವಜನಿಕ ಲೈನುಗಳಿಗೆ ಬಣ್ಣ ಬಳಿದು ಹೋಗುತ್ತಾರೆ. ಸ್ಪ್ರಿಂಕ್ಲರ್, ನಾಯಿಬೇಲಿ ಇವೆಲ್ಲ ಮನೆಯವರ ಖಾಸಗಿ ಆಸ್ತಿ, ಗುರುತು ಮಾಡಲ್ಲ. ಒಪ್ಪಿಗೆ ಕೊಟ್ಟ ವ್ಯಕ್ತಿಯನ್ನೇ ಕೇಳಬೇಕು.

ಕೇಳಿದರೂ ಮನೆಯವರಿಗೇ ಗೊತ್ತಿರದ ಸಂದರ್ಭ ಹೆಚ್ಚು. ಆಗ ಸ್ಪ್ರಿಂಕ್ಲರ್ ತಲೆಯಿಂದ ಒಂದೂವರೆ ಅಡಿ ದೂರ, ಎರಡು ತಲೆ ಸೇರಿಸುವ ನೇರ ಗೆರೆಯ ಮೇಲೆ ಬೇಡ, ಅಂಗಳದ ಅಂಚಿನ ಎರಡು ಅಡಿ ಬೇಡ, ಹೂವಿನ ಪಾತಿಯೊಳಗೆ ಬೇಡವೇ ಬೇಡ. ಸರಳು ಇಳಿಯುವಾಗ ಕಲ್ಲು ಸಿಕ್ಕರೆ ಕರಕರ ಅನ್ನುತ್ತೆ. ಪಿವಿಸಿಗೆ ತಗುಲಿದರೆ ಮೆತ್ತಗೆ ಪುಟಿಯುತ್ತೆ. ಪುಟಿದರೆ ಅಲ್ಲೇ ನಿಲ್ಲಿಸಿ ಒಂದಡಿ ಪಕ್ಕಕ್ಕೆ ಹೋಗಿ. ಮತ್ತೆ ಸ್ಪ್ರಿಂಕ್ಲರ್ ಟೈಮರ್ ಎಷ್ಟಕ್ಕೆ ಅಂತ ಕೇಳಿಕೊಳ್ಳಿ. ಬೆಳಗಿನ ಜಾವ ಹಕ್ಕಿಯ ಬೆನ್ನಿಗೆ ಬಡಿದ ನೀರು ಹುಲ್ಲಿಗೆ ಬಿಟ್ಟು ಕಿಟಕಿಗೆ ಹಾರುತ್ತೆ.

ಇಲ್ಲಿನ ಬೇಸಿಗೆಯ ನೆಲಕ್ಕೆ ಸ್ಕ್ರೂಡ್ರೈವರೂ ಇಳಿಯಲ್ಲ. ಜಲ್ಲಿ ಹಾಸಿದ ಅಂಗಳವಾದರೆ ಐದು ಗ್ಯಾಲನ್ ಬಕೆಟಿಗೆ ಮರಳು ತುಂಬಿ ಬಕೆಟಿಗೆ ಮೂರು ಹಕ್ಕಿ ಚುಚ್ಚಿಡಿ. ಟೌನ್‌ಹೌಸ್, ಅಪಾರ್ಟ್‌ಮೆಂಟ್ ಬಾಲ್ಕನಿಗೂ ಇದೇ.

ಗುದ್ದಲಿ (ಮಿಷಿಗನ್)

ಕೆಳಗೆ ಹೇಳ್ತೀನಿ ಅಂದಿದ್ದು ಇದು. 20 ಹಕ್ಕಿ ಅಂದರೆ 40 ಸರಳು. ಎತ್ತುವಾಗ ಒಂದು ಉಳಿದರೂ ಮುಂದಿನ ಶನಿವಾರ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಅದು ಸಿಗುತ್ತೆ. ತುಂಡಾದ ಉಕ್ಕು ಹಾರಿ ಬರುವುದು ಯಾರ ಕಾಲಿಗೋ ಕಣ್ಣಿಗೋ. ಇಡೀ ಕಾರ್ಯಕ್ರಮದಲ್ಲಿ ನಿಜವಾಗಿ ದೊಡ್ಡ ಅನಾಹುತ ಆಗಬಲ್ಲ ಜಾಗ ಇದೊಂದೇ. ಆದ್ದರಿಂದ:

ಪ್ರತಿ ಸರಳಿನ ಮೇಲ್ತುದಿಗೆ ಎರಡು ಇಂಚು ಕಿತ್ತಳೆ ಟೇಪ್. ಹುಲ್ಲಲ್ಲಿ ಬಿದ್ದರೂ ಕಾಣುತ್ತೆ.

ಸರಳುಗಳನ್ನು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಹಿಂಡಿಗೆ ನಾಲ್ಕು ಕಟ್ಟು. ಎತ್ತಿದ ಮೇಲೆ ನಾಲ್ಕು ಕಟ್ಟು ಪೂರ್ತಿಯಾಗದೆ ಕಾರು ಹೊರಡಬಾರದು. ಎತ್ತುವಾಗ ಒಬ್ಬರಿಗೆ ಎಣಿಕೆ ಬಿಟ್ಟು ಬೇರೆ ಕೆಲಸ ಕೊಡಬೇಡಿ.

ನಿಲ್ಲಿಸಿದ ಕೂಡಲೇ ಬೀದಿಯಿಂದ ಒಂದು ಫೋಟೊ ತೆಗೆದುಕೊಳ್ಳಿ. ಒಂದು ಹಕ್ಕಿ ಕಡಿಮೆ ಬಂದರೆ ಎಲ್ಲಿತ್ತು ಅಂತ ಗೊತ್ತಾಗುತ್ತೆ. ಪಕ್ಕದ ಮನೆ ಹುಡುಗರು ಒಂದನ್ನು ತಮ್ಮ ಅಂಗಳಕ್ಕೆ ಎತ್ತಿಕೊಂಡು ಹೋಗಿರೋದು ಮಾಮೂಲು, ಆದರೆ ಕಾಲು ಇಲ್ಲೇ ಬಿಟ್ಟು ಹೋಗಿರುತ್ತಾರೆ.

ಬುಕಿಂಗ್ ಫಾರಮಿನಲ್ಲಿ ‘ಹುಲ್ಲು ಕತ್ತರಿಸುವವರು ಬರುವ ವಾರ’ ಅಂತ ಒಂದು ಪ್ರಶ್ನೆ ಇರಲಿ. ಆ ದಿನಕ್ಕೆ ಮುಂಚೆ ಎತ್ತಿ.

ಹುಳಿಮಾವು (ಇಲಿನಾಯ್)

ಅಂಗಳದಲ್ಲಿ ಗುಲಾಬಿ ಫ್ಲೆಮಿಂಗೊ ಇಟ್ಟರೆ ‘ಬೇರೆ’ ಅರ್ಥ ಇದೆ ಅಂತ ಒಂದು ಗುಸುಗುಸು ಇದೆಯಲ್ಲ ಈ ದೇಶದಲ್ಲಿ, ದಂಪತಿ ಅದಲುಬದಲಿನ ಸಂಕೇತ ಅಂತ. ಕೂಟದ ಅಧ್ಯಕ್ಷರ ಮನೆ ಮುಂದೆ ಇಪ್ಪತ್ತು ನಿಲ್ಲಿಸಿದರೆ ಪಕ್ಕದ ಮನೆಯವರು ಏನಂದುಕೊಳ್ಳಬೇಕು? 😄

ಬೇಲಿಮೂಲೆ (ಟೆಕ್ಸಾಸ್)

@ಹುಳಿಮಾವು, ಗುಸುಗುಸು ಅಷ್ಟೇ, ಅನಾನಸ್ ಹಣ್ಣಿಗೂ ಅದೇ ಅಪವಾದ ಇದೆ. ಅದಕ್ಕೇ ಬೋರ್ಡು ಬೇಕಾಗಿರೋದು. 18×24 ಇಂಚಿನದು, ಬೀದಿಯಿಂದ ಓದುವಷ್ಟು ದಪ್ಪ ಅಕ್ಷರ, ಹಿಂಡಿನ ಮುಂದೆಯೇ: ಈ ಹಿಂಡು ಇಂಥ ಸಂಸ್ಥೆಯ ಮಕ್ಕಳ ಶಾಲೆಗಾಗಿ. ಕಾರಿನಿಂದ ನೋಡುವವರಿಗೆ ಏಳೆಂಟು ಪದ ಮೀರಬಾರದು. ಬೋರ್ಡಿಲ್ಲದ ಹಿಂಡು ಅರ್ಧ ತಮಾಷೆ, ದುಡ್ಡೂ ಅರ್ಧ.

ಸುಣ್ಣಬಣ್ಣ (ಟೊರೊಂಟೊ)

ನಮ್ಮವರಿಗೆ ಫ್ಲೆಮಿಂಗೊ ಯಾಕೆ, ಯಕ್ಷಗಾನದ ಕಿರೀಟವೋ ದಸರಾ ಆನೆಯೋ ನಿಲ್ಲಿಸಬಾರದಾ? ಅಂಬಾರಿ ಹೊತ್ತ ಆನೆಯ ಕಟೌಟ್ 20 ಮಾಡಿದರೆ ಅದರ ಗತ್ತೇ ಬೇರೆ.

ಗುದ್ದಲಿ (ಮಿಷಿಗನ್)

ಮಾಡಬಹುದು, ಆದರೆ ಗಾಳಿಯ ಲೆಕ್ಕ ಬೇರೆ. ಫ್ಲೆಮಿಂಗೊ ಮೈ ಗುಂಡಗೆ, ಗಾಳಿ ಜಾರಿ ಹೋಗುತ್ತೆ. ಚಪ್ಪಟೆ ಆನೆ ಗಾಳಿಗೆ ಎದೆಕೊಟ್ಟು ನಿಲ್ಲುತ್ತೆ, ಮಲಗುತ್ತೆ. ಚುನಾವಣಾ ಬೋರ್ಡಿನ 4 ಮಿಲಿಮೀಟರ್ ಕೊರಗೇಟೆಡ್ ಪ್ಲಾಸ್ಟಿಕ್ ತಗೊಳ್ಳಿ. 4×8 ಅಡಿ ಹಾಳೆಯಿಂದ 2×2 ಅಡಿಯ ಎಂಟು ಆನೆ. ಕತ್ತರಿಸುವ ಮೊದಲು ಹಾಳೆಯ ಒಳಗಿನ ಕೊಳವೆಗಳು ಮೇಲಿಂದ ಕೆಳಕ್ಕೆ ಬರುವ ಹಾಗೆ ತಿರುಗಿಸಿಕೊಳ್ಳಿ. ಅಡ್ಡಡ್ಡ ಬಂದರೆ ತಂತಿಯ ಸ್ಟೇಕ್ ತೂರಿಸಲು ಜಾಗವೇ ಇರಲ್ಲ, ಹಾಳೆ ದಂಡ. 10×30 ಇಂಚಿನ ಎಚ್ ಆಕಾರದ ಸ್ಟೇಕ್ ಒಂದೊಂದಕ್ಕೆ ಸಾಕು. ಆನೆಯ ಕಾಲಿನ ಅಡಿಯಲ್ಲೇ ಕೊಳವೆ ತೆರೆದಿರಬೇಕು, ಹಾಗಾಗಿ ಕಾಲು ದಪ್ಪಗೆ, ಅಡಿ ನೇರವಾಗಿ ಬಿಡಿಸಿ.

ಆದರೂ ನನ್ನ ಅಭಿಪ್ರಾಯ: ಮೊದಲ ವರ್ಷ ಫ್ಲೆಮಿಂಗೊ ಹಿಂಡಿನ ಮುಂದೆ ಒಂದೇ ಒಂದು ಆನೆ ನಿಲ್ಲಿಸಿ. ಅಮೆರಿಕನ್ ನೆರೆಯವರಿಗೆ ಫ್ಲೆಮಿಂಗೊ ಕಂಡರೆ ವಿವರಣೆಯೇ ಬೇಡ, ಯಾರೋ ನಿಧಿ ಎತ್ತುತ್ತಿದ್ದಾರೆ ಅಂತ ಅರ್ಥವಾಗುತ್ತೆ. ಆನೆ ಇಲ್ಲಿ ರಿಪಬ್ಲಿಕನ್ ಪಕ್ಷದ ಗುರುತು, ಇಪ್ಪತ್ತು ಕಂಡರೆ ಚುನಾವಣೆಗೆ ನಿಂತ ರಿಪಬ್ಲಿಕನ್ ಯಾರು ಅಂತ ಕೇಳ್ತಾರೆ.

ಸುಣ್ಣಬಣ್ಣ (ಟೊರೊಂಟೊ)

ಅಯ್ಯೋ, ಅದು ಹೊಳೆದೇ ಇರಲಿಲ್ಲ.

ಖಜಾಂಚಿಯ ಪೆನ್ನು (ನಾರ್ತ್ ಕೆರೊಲಿನಾ)

ರಸೀದಿ ವಿಷಯ. ನಿಮ್ಮ ಕೂಟ 501 ಸಿ 3 (ತೆರಿಗೆ ವಿನಾಯಿತಿ ಇರುವ ಧರ್ಮಾರ್ಥ ಸಂಸ್ಥೆ) ಆಗಿದ್ದರೂ 40 ಡಾಲರ್ ಪೂರ್ತಿ ತೆರಿಗೆ ವಿನಾಯಿತಿ ದೇಣಿಗೆ ಅಂತ ಬರೆದುಬಿಡಬೇಡಿ. ಕೊಟ್ಟವರಿಗೆ ಪ್ರತಿಯಾಗಿ ಒಂದು ಸೇವೆ ಸಿಕ್ಕಿದೆ. ಸೇವೆಯ ನ್ಯಾಯವಾದ ಬೆಲೆ ಕಳೆದು ಉಳಿದದ್ದು ಮಾತ್ರ ದೇಣಿಗೆ. ಇಂಥ ಪಾವತಿ 75 ಡಾಲರ್ ದಾಟಿದರೆ ಆ ಬೆಲೆ ಎಷ್ಟು ಅಂತ ಸಂಸ್ಥೆಯೇ ಬರಹದಲ್ಲಿ ತಿಳಿಸಬೇಕು ಅನ್ನುವುದು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ನಿಯಮ. ಮೇಲೆ ಹೇಳಿದ 75ರ ಪ್ಯಾಕೇಜು ಸರಿಯಾಗಿ ಗೆರೆಯ ಮೇಲಿದೆ, 76 ಮಾಡಬೇಡಿ. ಯಾರಾದರೂ ಖುಷಿಗೆ 300 ಕೊಟ್ಟರೆ ಅದಕ್ಕೆ ಪ್ರತ್ಯೇಕ ರಸೀದಿ. 250 ಮತ್ತು ಮೇಲ್ಪಟ್ಟ ದೇಣಿಗೆಗೆ ಕೊಟ್ಟವರಿಗೆ ಲಿಖಿತ ಸ್ವೀಕೃತಿ ಬೇಕೇ ಬೇಕು. ಹೊರಗಿನವರಿಂದ ಹಣ ಕೇಳಲು ಎಷ್ಟೋ ರಾಜ್ಯಗಳಲ್ಲಿ ಮೊದಲು ನೋಂದಣಿ ಆಗಬೇಕು, ಸಣ್ಣ ಸಂಸ್ಥೆಗಳಿಗೆ ಕೆಲವೆಡೆ ವಿನಾಯಿತಿ ಇದೆ. ನಿಮ್ಮ ರಾಜ್ಯದ ಜಾಲತಾಣ ನೋಡಿ.

ಹಣ ಯಾರದೋ ಸ್ವಂತ ವೆನ್ಮೊ (ಫೋನಿನಲ್ಲಿ ಹಣ ಕಳಿಸುವ ಆ್ಯಪ್) ಖಾತೆಗೆ ಹೋಗಬಾರದು. ಸಂಸ್ಥೆಯ ಖಾತೆಗೇ ಬರಲಿ. ನೂರರಲ್ಲಿ ಎರಡು ಮೂರು ಡಾಲರ್ ಶುಲ್ಕ ಹೋದರೂ ಪರವಾಗಿಲ್ಲ, ವರ್ಷಾಂತ್ಯದ ಸಭೆಯಲ್ಲಿ ಬೈಸಿಕೊಳ್ಳೋದು ತಪ್ಪುತ್ತೆ.

ಒಗ್ಗರಣೆ (ಓಹಾಯೊ)

ಎಲ್ಲರಿಗೂ ಧನ್ಯವಾದ. ಎರಡು ಹಿಂಡು, ಮುಂಗಡ, ಸಂಜೆ, ಒಪ್ಪಿಗೆ ಬರಹದಲ್ಲಿ: ಇಷ್ಟು ಸಮಿತಿಗೆ ಹೋಗುತ್ತೆ. ಎರಡು ಪ್ರಶ್ನೆ ಉಳಿದಿವೆ. ಒಂದು ಮನೆಗೆ ಎಷ್ಟು ಜನ, ಎಷ್ಟು ಹೊತ್ತು? ವರ್ಷವಿಡೀ ಹಕ್ಕಿ ಎಲ್ಲಿಡೋದು?

ಗುದ್ದಲಿ (ಮಿಷಿಗನ್)

ನಾಲ್ಕು ಜನ. ಇಬ್ಬರು ಅಚ್ಚುಪಟ್ಟಿ ಹಿಡಿದು ಸರಳು ಇಳಿಸುತ್ತಾ ಹೋಗಲಿ, ಒಬ್ಬರು ಹಿಂದೆಯೇ ಹಕ್ಕಿ ಕೂರಿಸಲಿ, ಒಬ್ಬರು ಕಾರಿನ ಹತ್ತಿರ ಎಣಿಕೆ, ಬೋರ್ಡು, ಚೀಟಿ, ಫೋಟೊ. ಮಳೆಬಿದ್ದ ಮೆತ್ತನೆ ನೆಲದಲ್ಲಿ 20 ಹಕ್ಕಿಗೆ ಕಾಲು ಗಂಟೆ ಧಾರಾಳ. ಸಾಲಾಗಿ ಕವಾಯತಿನಂತೆ ನಿಲ್ಲಿಸಬೇಡಿ. ಮೇಯುವ ಹಕ್ಕಿಗಳನ್ನು ಎರಡು ಮೂರರ ಗುಂಪು ಮಾಡಿ ಮುಂದೆ, ತಲೆ ಎತ್ತಿದವನ್ನು ಹಿಂದೆ, ನಡುವೆ ಮೂರಡಿ, ಮತ್ತು ಬಹುಪಾಲು ಮುಖ ಮುಂಬಾಗಿಲ ಕಡೆಗೆ. ಬಾಗಿಲು ತೆಗೆದವರನ್ನು ಇಪ್ಪತ್ತು ಜೊತೆ ಕಣ್ಣು ಒಟ್ಟಿಗೆ ನೋಡಬೇಕು, ಅಲ್ಲೇ ಇರೋದು ಮಜಾ. ಒಂದನ್ನು ಮಾತ್ರ ಬಾಗಿಲ ಮೆಟ್ಟಿಲ ಪಕ್ಕ, ಕುತ್ತಿಗೆಗೆ ಚೀಟಿ ಕಟ್ಟಿ. ನಡೆಯುವ ದಾರಿ, ಗಾಡಿ ಬರುವ ದಾರಿಯಿಂದ ಎರಡಡಿ ಬಿಡಿ.

ಗಂಟೆಗೆ 25 ಮೈಲಿ ಮೀರಿದ ಗಾಳಿ ಅಂತ ಹವಾಮಾನ ವರದಿ ಇದ್ದರೆ ಮುಂದೂಡಿ.

ಇಡುವುದು: ಕಾಲು ಬೇರೆ, ಮೈ ಬೇರೆ. ಕಾಂಟ್ರಾಕ್ಟರ್‌ಗಳು ಬಳಸುವ 42 ಗ್ಯಾಲನ್ ದಪ್ಪ ಚೀಲದಲ್ಲಿ ಹತ್ತು ಹನ್ನೆರಡು ಹಕ್ಕಿ ಹಿಡಿಸುತ್ತೆ, ಕತ್ತು ಒಂದೇ ದಿಕ್ಕಿಗೆ ಇರಲಿ. ಮೇಲೆ ಭಾರ ಹೇರಿದರೆ ಕತ್ತಿನ ಬುಡದಲ್ಲಿ ಬಿಳಿ ಗೆರೆ ಬಿದ್ದು ಮುಂದಿನ ಚಳಿಗೆ ಅಲ್ಲೇ ಸೀಳುತ್ತೆ. ಕಿಟಕಿ ಬಿಸಿಲು ತಾಗದ ಗರಾಜ್ ಮೂಲೆ ಸಾಕು. ಚೀಲಕ್ಕೆ ತುಂಬುವ ಮುಂಚೆ ಕಾಲಿನ ತೂತು ಕೆಳಗಾಗಿ ಹಿಡಿದು ಕುಲುಕಿ ಒಳಗಿನ ನೀರು ಚೆಲ್ಲಿ, ಒಂದು ದಿನ ಒಣಗಿಸಿ; ನೀರು ಉಳಿದು ಹೆಪ್ಪುಗಟ್ಟಿದರೆ ಹೊಟ್ಟೆ ಒಡೆಯುತ್ತೆ. ಸರಳು ಒರೆಸಿ ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಎಳೆದು ಮೂರಿಂಚು ಅಗಲದ ಪಿವಿಸಿ ಪೈಪಿನಲ್ಲಿ ಎರಡೂ ಕಡೆ ಮುಚ್ಚಳ ಹಾಕಿ ನಿಲ್ಲಿಸಿಡಿ. ವಸಂತದಲ್ಲಿ ಹೊರತೆಗೆಯುವಾಗ ಕೈಗವಸು ಹಾಕಿಕೊಳ್ಳಿ. ಕಾಲಿನ ತೂತಿನಿಂದ ಹೊಟ್ಟೆಯೊಳಗೆ ಕಣಜ ಸೇರಿಕೊಳ್ಳೋದು ಉಂಟು.

ಹನಿ ನೀರಾವರಿ (ಅರಿಜೋನಾ)

ನಮ್ಮ ಕಡೆ ಕಣಜ ಅಲ್ಲ, ಚೇಳು. ಕುಲುಕುವುದು ಮುಖದಿಂದ ದೂರ ಹಿಡಿದು.